ಹಿಮ್ಮಡಿ

ಬಾರ್ ಇನ್ನೂ ಅಲುಗುತ್ತಿದೆ, ಈಗಷ್ಟೇ ತಂಗಿ ಬೀಳಿಸಿದ್ದನ್ನು ಅಂಪೈರಮ್ಮ ಎತ್ತಿ ಕಂಬಗಳ ಮೇಲೆ ಕೂರಿಸಿ ಹೋಗಿದ್ದಾಳೆ, ತೆಳ್ಳನೆಯ ಕೋಲು, ನಡುವೆ ಒಂದಿಷ್ಟು ಜಗ್ಗಿದೆ — ಓಟ ಶುರುವಾಗುವ ಗುರುತಿನ ಮೇಲೆ ನಿಂತು ಅಕ್ಕ ಅದನ್ನೇ ನೋಡುತ್ತಾಳೆ, ಸುಮ್ಮನಾಗಲಿ, ಅವಸರವೇನಿದೆ, ಗಡಿಯಾರ ಓಡುತ್ತಿದ್ದರೆ ಓಡಲಿ. ಲೆಕ್ಕ ಸರಳ. ತಂಗಿಯ ಸರದಿ ಮುಗಿಯಿತು, ಮೂರೂ ಸಲ ಬೀಳಿಸಿದಳು, ಅಕ್ಕನಿಗೆ ಉಳಿದಿರುವುದು ಇದೊಂದೇ ಜಿಗಿತ, ಇವಳೂ ಬೀಳಿಸಿದರೆ ಗೆಲುವು ತಂಗಿಗೇ, ಹಿಂದಿನ ಎತ್ತರವನ್ನು ಅವಳು ಮೊದಲ ಸಲಕ್ಕೇ ದಾಟಿದ್ದಳು, ಅಕ್ಕ ಎರಡನೆಯ ಸಲಕ್ಕೆ. ವಿದೇಶಕ್ಕೆ ಹೋಗುವ ತಂಡದಲ್ಲಿ ಹೈಜಂಪಿಗೆ ಇರುವುದು ಒಂದೇ ಜಾಗ. ಬೆಳಿಗ್ಗೆ ಫೋನಿನಲ್ಲಿ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ ಮಾತಾಡುತ್ತಿದ್ದಳು, ಟಕಟಕ ಸದ್ದು, ನೋಡಮ್ಮಾ, ನಿನ್ನ ಕಾಲ ಆಯ್ತು, ಇನ್ನು ಅವಳಿಗೊಂದು ದಾರಿ ಆಗ್ಲಿ, ದೊಡ್ಡೋಳು ನೀನು, ನಾನು ಬಾಯಿಬಿಟ್ಟು ಹೇಳ್ಬೇಕಾ. ಕಾಲ ಅಂದಳೋ ಕಾಲು ಅಂದಳೋ, ಆ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ, ಎರಡೂ ನಿಜವೇ, ಮೂವತ್ತು ದಾಟಿದೆ, ಮಂಡಿಯ ಮೇಲೆ ಆಪರೇಷನ್ನಿನ ಗೆರೆ ಜರಿಹುಳದ ಹಾಗೆ ಮಲಗಿದೆ — ಹೂಂ ಅಂದಿದ್ದಳು. ಹಾರಿಕೆಯ ಹೂಂ ಅಲ್ಲ, ಒಪ್ಪಿದ ಹೂಂ. ಹೇಗೆ ಎನ್ನುವುದನ್ನೂ ಹಲ್ಲುಜ್ಜುವಾಗಲೇ ಗೊತ್ತುಮಾಡಿಕೊಂಡಾಗಿತ್ತು: ಹಿಮ್ಮಡಿ. ಬೆನ್ನು ಬಾರಿನಾಚೆ ಹೋದಮೇಲೆ ಕಾಲನ್ನು ತುಸು ತಡವಾಗಿ ಎತ್ತಿಕೊಂಡರೆ ಸಾಕು, ಹಿಮ್ಮಡಿ ತಗುಲುತ್ತದೆ, ಬಾರ್ ಬೀಳುತ್ತದೆ, ಯಾವ ನರಪಿಳ್ಳೆಗೂ ಅನುಮಾನ ಬರುವುದಿಲ್ಲ, ಕೋಚ್ ಹಣೆ ಚಚ್ಚಿಕೊಂಡು ಛೇ, ಕೂದಲೆಳೆ ಕಣೇ, ಕೂದಲೆಳೆ ಅನ್ನುತ್ತಾರೆ, ಅಷ್ಟೇ.

ಬೆಕ್ಕು ಹೀಗೆ ಮಾಡುವುದಿಲ್ಲ. ಗೋಡೆಯ ಬುಡದಲ್ಲಿ ಕೂತು ಮೇಲೆ ನೋಡುತ್ತದೆ, ಹಿಂಭಾಗವನ್ನು ಒಮ್ಮೆ ಆಚೆ ಈಚೆ ಆಡಿಸುತ್ತದೆ, ಆಗದು ಅನ್ನಿಸಿದರೆ ಅಂಗಾಲು ನೆಕ್ಕಿಕೊಂಡು ಎದ್ದುಹೋಗುತ್ತದೆ, ಬೀಳುವುದಕ್ಕೆಂದೇ ಜಿಗಿದ ಬೆಕ್ಕನ್ನು ಯಾರೂ ಕಂಡಿಲ್ಲ. ಕಪ್ಪೆಗೆ ಅಷ್ಟು ಯೋಚನೆಯೂ ಇಲ್ಲ, ಬಚ್ಚಲಿನಲ್ಲಿ ಎಗರಿ ಸೀದಾ ಬಕೆಟ್ಟಿನೊಳಕ್ಕೆ, ಆಮೇಲೆ ಬೆಳಗಾಗುವವರೆಗೂ ಗೋಡೆಗೆ ಮುಖ ಗುದ್ದಿಕೊಳ್ಳುತ್ತಿರುತ್ತದೆ. ಶಾಲೆಯಲ್ಲಿ ಅಕ್ಕನನ್ನು ಕಪ್ಪೆ ಅನ್ನುತ್ತಿದ್ದರು, ತಂಗಿ ಹುಟ್ಟಿದಾಗಲೇ ಕಾಲೆರಡು ಉದ್ದ, ಮಿಡತೆ. ಆ ಮಿಡತೆ ಒಮ್ಮೆ ನಿಜವಾದ ಮಿಡತೆಯೊಂದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿತ್ತು, ಉಸಿರಾಡಲಿ ಎಂದು ಪಿನ್ನಿನಿಂದ ತೂತು ಬೇರೆ, ಒಳಗಿನಿಂದ ಟಿಕ್, ಸ್ವಲ್ಪ ಬಿಟ್ಟು ಟಿಕ್, ತಲೆ ಬಡಿದುಕೊಳ್ಳುತ್ತಿದೆ, ಅಕ್ಕಾ, ಇದಕ್ಕೆ ಸುಮ್ನೆ ಕೂರೋಕೆ ಬರಲ್ವಾ. ಬರಲ್ಲ. ಯಾಕೆ. ಕಾಲು ಹಾಗಿದೆ. ಅಪ್ಪನೋ ಮಾತುಮಾತಿಗೆ ಎಗರಾಡುವವನು, ಒಂದು ದಿನ ಅಂಗಡಿಯ ಮೆಟ್ಟಿಲ ಮೇಲೇ ನೆಗೆದುಬಿದ್ದ, ಈ ಮನೇಲಿ ಕಾಲೂರಿ ನಿಂತೋಳು ನಾನೊಬ್ಬಳೇ ಅನ್ನುತ್ತಾಳೆ ಅಮ್ಮ, ಯಂತ್ರ ತುಳಿದೂ ತುಳಿದೂ ಅವಳ ಕಾಲು ಊದಿದೆ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಆಚೆ ಹಳೆಯ ಹಾಸಿಗೆ ಎಸೆದು, ತಂಗಿಗೆ ಕಲಿಸಿದ್ದು ಅಕ್ಕನೇ, ಬೆನ್ನಮೇಲೆ ಬೀಳೋಕೆ ಭಯ ಅಕ್ಕಾ. ಬೀಳೋದನ್ನ ಯೋಚಿಸ್ಬೇಡ, ಹಿಮ್ಮಡಿ ಎತ್ಕೋ, ಅಷ್ಟೇ, ಮಿಕ್ಕಿದ್ದು ತಾನಾಗೇ ಬರುತ್ತೆ — ಬಾರ್ ಸುಮ್ಮನಾಯಿತು. ತಂಗಿ ಮ್ಯಾಟಿನ ಪಕ್ಕದಲ್ಲಿ ಟವೆಲ್ ಹೊದ್ದು ನಿಂತಿದ್ದಾಳೆ, ಇತ್ತ ನೋಡುತ್ತಿಲ್ಲ. ಕೋಚ್ ಕೂಗುತ್ತಾರೆ, ಕೊನೇ ಹೆಜ್ಜೆ ಚುರುಕಾಗ್ಲಿ, ಕೊನೇ ಹೆಜ್ಜೆ. ಆಗಲಿ ಸರ್.

ಓಡುತ್ತಾಳೆ, ಮೊದಲು ನೇರ, ಆಮೇಲೆ ಬಳಸಿ, ಮೈ ಒಳಕ್ಕೆ ವಾಲುತ್ತದೆ, ಮಂಡಿ ಯಾಕೋ ಇವತ್ತು ಗೊಣಗುತ್ತಿಲ್ಲ, ತಡವಾಗಿ, ಕಾಲು ತಡವಾಗಿ, ನೆನಪಿರಲಿ, ಎಡಗಾಲು ನೆಲಕ್ಕೆ ಗುದ್ದಿತು — ಆಮೇಲೆ ಸದ್ದಿಲ್ಲ. ಮೇಲೆ ಒಂದು ಚಣ ಮೈಗೆ ತೂಕವೇ ಇರುವುದಿಲ್ಲ, ಇದನ್ನು ಯಾರಿಗೂ ಹೇಳಲಾಗಿಲ್ಲ, ಅಮ್ಮನಿಗಂತೂ ಇಲ್ಲವೇ ಇಲ್ಲ, ಆಕಾಶ, ಕಂಬದ ತುದಿ, ಬೆನ್ನಡಿಯಲ್ಲಿ ಬಾರ್ ಇರುವುದು ಚರ್ಮಕ್ಕೆ ಗೊತ್ತು, ಸೊಂಟ ದಾಟಿತು, ಈಗ, ಈಗ ಬಿಡು, ಕಾಲು ಹಾಗೇ ಜೋತಿರಲಿ — ಹಿಮ್ಮಡಿಗಳೆರಡೂ ಸರಕ್ಕನೆ ಮೇಲೆದ್ದವು. ಯಾರು ಎತ್ತಿದರು? ಅವಳಂತೂ ಹೇಳಿರಲಿಲ್ಲ, ಹೇಳಿರಲಿಲ್ಲ ಅಂದುಕೊಳ್ಳುತ್ತಾಳೆ. ತಲೆಕೆಳಗಾಗಿ ಬೀಳುತ್ತಾ ಲೋಕವೆಲ್ಲ ತಲೆಕೆಳಗು, ಅದರಲ್ಲಿ ತಂಗಿ, ಟವೆಲ್ ಜಾರಿ ಬಿದ್ದಿದೆ, ಎರಡೂ ಕೈ ಎದೆಯ ಮುಂದೆ ಎತ್ತಿದ್ದಾಳೆ, ಅಂಗೈಗೆ ಅಂಗೈ ಎದುರು, ಚಪ್ಪಾಳೆಗೆ ಇನ್ನೊಂದು ಗೇಣು — ಮ್ಯಾಟು ಬಂದು ಬೆನ್ನಿಗೆ ಬಡಿಯಿತು. ಅಂಪೈರಮ್ಮ ಬಿಳಿ ಬಾವುಟ ಎತ್ತಿದಳು, ಜಿಗಿತ ಸರಿ. ಕೋಚ್ ಕುಣಿಯುತ್ತಿದ್ದಾರೆ, ಹೊಟ್ಟೆಯೂ ಜೊತೆಗೆ ಕುಣಿಯುತ್ತಿದೆ, ಯಾರೋ ತಬ್ಬಿಕೊಂಡರು, ಯಾರೋ ನೀರು ಕೊಟ್ಟರು. ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಗಿ ಬಗ್ಗಿ ಬೂಟಿನ ದಾರ ಬಿಚ್ಚುತ್ತಾ, ಚೆನ್ನಾಗಿ ಹಾರಿದೆ ಅಕ್ಕಾ. ಹೂಂ. ಅಮ್ಮ ಬೆಳಿಗ್ಗೆ ನಿಂಗೂ ಫೋನ್ ಮಾಡಿದ್ಲಾ. ನಿಂಗೂ ಅಂದಳು, ನಿಂಗೂ. ಅಕ್ಕ ಚೀಲದಲ್ಲಿ ಏನನ್ನೋ ಹುಡುಕುತ್ತಾಳೆ, ಏನೂ ಕಳೆದಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದಾರೆ, ತಂಗಿಯ ಕೈಗಳು ತೊಡೆಯ ಮೇಲಿವೆ, ಈಗ ಬರೀ ಕೈಗಳು, ಕಿಟಕಿಯಾಚೆ ಅಂಗಡಿಗಳು, ದೀಪಗಳು, ಸೈಕಲ್ ತುಳಿಯುವವರು ಹಿಂದೆ ಸರಿಯುತ್ತಿದ್ದಾರೆ, ತಂಡ, ಪಾಸ್‌ಪೋರ್ಟು, ಅಮ್ಮನಿಗೆ ಏನು ಹೇಳುವುದು, ಹೇಳಬಹುದು, ಕಾಲು ಹಾಗಿದೆ ಅಮ್ಮಾ — ಆದರೆ ಆ ಕೈಗಳು ಯಾವಾಗ ಮೇಲೆದ್ದವು, ತಾನು ಬಾರ್ ದಾಟಿದ್ದನ್ನು ನೋಡಿಯೋ, ಅದಕ್ಕೂ ಮೊದಲೋ, ಬಾರ್ ಬೀಳುತ್ತದೆಂದೋ, ಕೇಳಿದರೆ ಹೇಳಿಯಾಳು, ಕೇಳುವುದಿಲ್ಲ, ತಲೆಕೆಳಗಾದ ತಂಗಿ, ಎತ್ತಿದ ಎರಡು ಅಂಗೈ, ನಡುವೆ ಒಂದು ಗೇಣು ಗಾಳಿ, ಎರಡು ಅಂಗೈ, ನಡುವೆ ಒಂದು ಗೇಣು