ಹಸಿರು ತುದಿಯ ಕುಲಾವಿ

ಹಳದಿ ಉಂಡೆಯ ಹೊಟ್ಟೆಯೊಳಗಿಂದ ಹಸಿರು ದಾರ ಇಣುಕಿದಾಗ ಟೈಪಿಸ್ಟಮ್ಮ ಹೆಣಿಗೆಯ ಕಡ್ಡಿಗಳನ್ನು ಮಡಿಲಲ್ಲಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನೋಡಿದರು. ಹಸಿರು ಹಸಿರಾಗಿಯೇ ಇತ್ತು. ಎರಡು ಬಣ್ಣ ಸೇರುವ ಕಡೆ ಸಾಸಿವೆ ಕಾಳಿನಷ್ಟು ಒಂದು ಗಂಟು. ಎರಡು ಸಲ ಒಳಗಿಂದ ತೂರಿಸಿ, ತುದಿ ಕಾಣದ ಹಾಗೆ ಬಿಗಿಯುವ ಆ ಗಂಟು ಅವರಿಗೆ ಗೊತ್ತಿದ್ದಂತೆ ಇಬ್ಬರಿಗೆ ಮಾತ್ರ ಬರುತ್ತಿತ್ತು. ಒಬ್ಬಳು ಅಕ್ಕ, ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನೊಬ್ಬರು ತಾವೇ.

ಎಂಟು ತಿಂಗಳ ಹಿಂದೆ ಇದೇ ಹಳದಿಯಲ್ಲಿ ಒಂದು ಕುಲಾವಿ ಹೆಣೆಯುವಾಗ, ನೆತ್ತಿಯ ಹತ್ತಿರ ಬರುವಷ್ಟರಲ್ಲಿ ದಾರ ಮುಗಿದುಹೋಗಿತ್ತು. ಅಂಗಡಿಗೆ ಹೋಗಬಹುದಿತ್ತು. ಹೋಗದೆ ಬೀರುವಿನಿಂದ ಅಕ್ಕನ ಹಸಿರು ಶಾಲು ತೆಗೆದು, ಅದರ ಅಂಚಿನ ಎರಡು ಸಾಲು ಬಿಚ್ಚಿ, ಗಂಟು ಹಾಕಿ ಮುಗಿಸಿದ್ದರು. ಹಳದಿ ಟೋಪಿಗೆ ಹಸಿರು ತುದಿ, ನಿಂಬೆಹಣ್ಣಿಗೆ ತೊಟ್ಟಿದ್ದ ಹಾಗೆ. ಅಕ್ಕನಿಗೆ ಮಕ್ಕಳಿರಲಿಲ್ಲ, ತಮಗೂ ಇರಲಿಲ್ಲ. ಮದುವೆಯ ಗೋಜಿಗೇ ಇಬ್ಬರೂ ಹೋಗಿರಲಿಲ್ಲ. ಅಕ್ಕನ ಶಾಲಿನ ಒಂದೆಳೆ ಈಗ ಯಾವುದೋ ಮಗುವಿನ ತಲೆಯ ಮೇಲೆ ಕೂತಿದೆ ಎಂಬ ಯೋಚನೆಯೊಂದೇ ಅವರಿಗೆ ಎಷ್ಟೋ ಸಂಜೆಗಳನ್ನು ದಾಟಿಸಿತ್ತು.

ಆಮೇಲೆ ಶುರುವಾಗಿತ್ತು ಹುಡುಕಾಟ. ಬಸ್ಸಿನಲ್ಲಿ, ಪಾರ್ಕಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮಗು ಕಂಡರೆ ಸಾಕು, ಕತ್ತು ಉದ್ದ ಮಾಡಿ ಅದರ ತಲೆ ನೋಡುವುದು. ಒಮ್ಮೆ ಔಷಧಿ ಅಂಗಡಿಯ ಮುಂದೆ ಒಬ್ಬ ತಾಯಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಇವರನ್ನು ಕೆಕ್ಕರಿಸಿ ನೋಡಿದ್ದಳು. "ಟೋಪಿ ಚೆನ್ನಾಗಿದೆ ಅಂತ ನೋಡ್ದೆ ಕಣಮ್ಮಾ" ಅಂದಿದ್ದರು ಟೈಪಿಸ್ಟಮ್ಮ. ಆ ಮಗುವಿನ ತಲೆಯ ಮೇಲೆ ಟೋಪಿಯೇ ಇರಲಿಲ್ಲ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಬುಧವಾರ ಬೆಳಿಗ್ಗೆ ಎಂಟು ಮಂದಿ ಹೆಂಗಸರು ಸೇರುತ್ತಿದ್ದರು. ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಮಕ್ಕಳಿಗೆ ಕುಲಾವಿ ಹೆಣೆದು ಕೊಡುವುದು ಅವರ ಕೆಲಸ. ದಾರ ಹಂಚುವುದು, ಮುಗಿದ ಕುಲಾವಿಗಳನ್ನು ಚೀಲಕ್ಕೆ ತುಂಬಿ ವಾರ್ಡಿಗೆ ಒಯ್ಯುವುದು ಎಲ್ಲ ಹೆಡ್‌ನರ್ಸ್ ಜವಾಬ್ದಾರಿ. ಆಕೆ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅಧಿಕಾರ ಮಾತ್ರ ನಿವೃತ್ತವಾಗಿರಲಿಲ್ಲ. ಬಾಯಿ ಜೋರು, ನಗು ಕಡಿಮೆ. ಯಾರನ್ನೂ ಮುಲಾಜಿಲ್ಲದೆ ಗದರುವ ಆಕೆ ಟೈಪಿಸ್ಟಮ್ಮನಿಗೆ ಮಾತ್ರ ಈವರೆಗೆ ಒಂದು ಮಾತೂ ಅಂದಿರಲಿಲ್ಲ. ತಮ್ಮ ಕೈಕೆಲಸದಲ್ಲಿ ಅನ್ನುವಂಥದ್ದೇನೂ ಇಲ್ಲವೆಂದೇ ಟೈಪಿಸ್ಟಮ್ಮ ತಿಳಿದಿದ್ದರು.

ತಿಳಿಯದೆ ಏನು ಮತ್ತೆ? ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಟೈಪ್ ಹೊಡೆದ ಕೈ ಅದು. ಒಂದಕ್ಷರ ತಪ್ಪಿದರೂ ತಿದ್ದುವ ಪೈಕಿಯಲ್ಲ. ಹಾಳೆಯನ್ನು ಸರ್ರನೆ ಎಳೆದು, ಹರಿದು, ಮೊದಲಿನಿಂದ ಶುರು. ಅವರು ಹೊಡೆದ ಕಾಗದಕ್ಕೆ ಸಾಹೇಬರು ಓದದೆಯೇ ಸಹಿ ಹಾಕುತ್ತಿದ್ದರು. ಈಚೆಗೆ ಬಾಗಿಲಿನ ಬೀಗ ಒಂದೇ ಸಲಕ್ಕೆ ಕೀಲಿಗೆ ಸಿಗುತ್ತಿರಲಿಲ್ಲ ನಿಜ, ಬೀಗ ಹಳೆಯದು. ಚಹಾ ತುಟಿಗೆ ಬರುವ ಮೊದಲೇ ಸಾಸರಿಗೆ ತುಳುಕುತ್ತಿತ್ತು, ಈಗಿನ ಕಪ್ಪುಗಳಿಗೆ ಹಿಡಿಯೇ ಸರಿಯಿಲ್ಲ. ಕೈಯನ್ನು ದೂರಲು ಅವರಿಗೆ ಯಾವ ಕಾರಣವೂ ಕಂಡಿರಲಿಲ್ಲ.

ಹೆಡ್‌ನರ್ಸ್ ಈ ವರ್ಷ ಕೊಡುತ್ತಿದ್ದ ದಾರ ಮಾತ್ರ ಸುರುಳಿ ಸುರುಳಿಯಾಗಿರುತ್ತಿತ್ತು, ಆಗಷ್ಟೇ ಬಿಚ್ಚಿದ ಜಡೆಯ ಕೂದಲಿನಂತೆ. ಕೇಳಿದಾಗ, "ಯಾರೋ ಹಳೇ ಸ್ವೆಟರ್ ಕೊಟ್ಟಿದ್ರು, ಬಿಚ್ಚಿದ್ದು" ಎಂದಿದ್ದರು ಆಕೆ. ಟೈಪಿಸ್ಟಮ್ಮ ನಂಬಿದ್ದರು. ಈಗ ಮುಗಿಯುತ್ತ ಬಂದ ಕುಲಾವಿಯನ್ನು ಹಿಡಿದು ಕೂತಾಗ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ಕುಲಾವಿ ಬಿಚ್ಚುವುದು ನೆತ್ತಿಯಿಂದ. ಮೊದಲು ಬಂದ ನೆತ್ತಿಯ ದಾರ ಉಂಡೆಯ ನಡುವೆ ಸೇರುತ್ತದೆ. ಅದೇ ಉಂಡೆಯನ್ನು ಮತ್ತೆ ಹೆಣೆದರೆ ನೆತ್ತಿಯ ದಾರ ನೆತ್ತಿಗೇ ಬರುತ್ತದೆ. ಹಸಿರು ತನ್ನ ಜಾಗಕ್ಕೇ ಬಂದು ನಿಂತಿತ್ತು. ಎಂಟು ತಿಂಗಳಿಂದ ಊರೆಲ್ಲ ಹುಡುಕಿದ ಕುಲಾವಿ ಅವರ ಮಡಿಲಲ್ಲೇ ಇತ್ತು.

ಆ ಗಂಟನ್ನು ಮತ್ತೊಮ್ಮೆ ಬೆರಳಿನಿಂದ ಸವರಿದರು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಅವರು ಆ ಕುರ್ಚಿಯಿಂದ ಏಳುತ್ತಿದ್ದರೋ ಇಲ್ಲವೋ. ಕಡ್ಡಿಯ ಸಮೇತ ಎಲ್ಲವನ್ನೂ ಚೀಲಕ್ಕೆ ತುರುಕಿದರು. ಗುಂಪಿನವರ ವಿಳಾಸದ ಪಟ್ಟಿ ಟೈಪ್ ಮಾಡಿದ್ದು ಅವರೇ. ಹೆಡ್‌ನರ್ಸ್ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಇಸ್ತ್ರಿ ಅಂಗಡಿಯ ಮೇಲೆ. ಬಾಗಿಲಿಗೆ ಬೀಗ ಹಾಕಲು ಮೂರು ಸಲ ಪ್ರಯತ್ನಿಸಬೇಕಾಯಿತು.

ಮಧ್ಯಾಹ್ನದ ಬಿಸಿಲು. ಇಸ್ತ್ರಿ ಅಂಗಡಿಯವನು ಬಿಳಿ ಕೋಟುಗಳನ್ನು ಮಡಿಸಿ ಒಂದರ ಮೇಲೊಂದು ಪೇರಿಸುತ್ತಿದ್ದ. ಮಹಡಿಯ ಬಾಗಿಲು ಗಾಳಿಗೆಂದು ತೆರೆದೇ ಇತ್ತು. ಟೈಪಿಸ್ಟಮ್ಮ ಬಾಗಿಲು ತಟ್ಟಲು ಕೈಯೆತ್ತಿ, ಹಾಗೇ ನಿಂತರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೆಡ್‌ನರ್ಸ್ ಕೂತಿದ್ದರು. ಮೇಜಿನ ಮೇಲೆ ನಿನ್ನೆ ತಾವು ಕೊಟ್ಟ ನೀಲಿ ಕುಲಾವಿ. ಅದರ ನೆತ್ತಿ ಆಗಲೇ ಇರಲಿಲ್ಲ. ಆಕೆ ಎಡಗೈಯಿಂದ ದಾರ ಎಳೆಯುತ್ತ, ಬಲಗೈಯನ್ನು ಮೈಗೆ ಒತ್ತಿಹಿಡಿದು ಉಂಡೆ ಸುತ್ತುತ್ತಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದ ಒಂದು ತಟ್ಟೆ, ಒಂದು ಲೋಟ ಬೋರಲಾಗಿದ್ದವು.

"ಅದು ನನ್ನದಲ್ವಾ ಸಿಸ್ಟರ್?"

ಹೆಡ್‌ನರ್ಸ್ ತಲೆಯೆತ್ತಿದರು. ಮುಚ್ಚಿಡಲು ನೋಡಲಿಲ್ಲ, ಮುಚ್ಚಿಡುವ ಅಭ್ಯಾಸ ಆ ಕೈಗಳಿಗೆ ಇರಲಿಲ್ಲ.

"ಬನ್ನಿ ಟೈಪಿಸ್ಟಮ್ಮ, ಒಳಗೆ ಬನ್ನಿ. ಮೆಟ್ಟಿಲು ಹತ್ತಿ ಬಂದಿದೀರ, ಕೂತ್ಕೊಳ್ಳಿ ಮೊದಲು."

"ಕೂರೋಕೆ ಬಂದಿಲ್ಲ ನಾನು." ಹೇಳುತ್ತಲೇ ಕೂತರು, ಮಂಡಿ ಕೇಳಬೇಕಲ್ಲ. ಚೀಲದಿಂದ ಹಳದಿ ಕುಲಾವಿ ತೆಗೆದು ಮೇಜಿನ ಮೇಲಿಟ್ಟರು. "ಇದೂ ನಂದೇ. ಈ ಹಸಿರು ನಮ್ಮಕ್ಕನ ಶಾಲಿಂದು. ಯಾವುದೋ ಮಗು ಹಾಕ್ಕೊಂಡಿದೆ ಅಂದ್ಕೊಂಡಿದ್ದೆ. ಊರಲ್ಲಿರೋ ಮಕ್ಕಳ ತಲೆ ಎಲ್ಲಾ ನೋಡ್ತಾ ತಿರುಗಿದ್ನಲ್ಲ ನಾನು! ಹುಚ್ಚಿ ಥರ!"

ಹೆಡ್‌ನರ್ಸ್ ಹಸಿರು ದಾರವನ್ನು ಬೆರಳಲ್ಲಿ ಮುಟ್ಟಿದರು. "ಅಕ್ಕಂದಾ... ಗೊತ್ತಿರ್ಲಿಲ್ಲ. ಮೆತ್ತಗಿತ್ತು, ಕತ್ತರಿಸಿ ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಒಳಗೇ ಸುತ್ತಿಟ್ಟೆ. ಆಮೇಲೆ ಮರೆತೇಹೋಯ್ತು."

"ಯಾಕೆ ಬಿಚ್ಚಿದ್ರಿ? ಅದನ್ನ ಹೇಳಿ."

ಹೆಡ್‌ನರ್ಸ್ ನೀಲಿ ಕುಲಾವಿಯ ಉಳಿದ ಭಾಗವನ್ನು ಎತ್ತಿಕೊಂಡು, "ಕೈ ಕೊಡಿ" ಎಂದರು. ಟೈಪಿಸ್ಟಮ್ಮನ ಕಿರುಬೆರಳನ್ನು ಹಿಡಿದು ಕುಲಾವಿಯ ಒಳಗಿಂದ ಒತ್ತಿದರು. ಬೆರಳು ಒಂದು ಕಡೆ ಹೊರಬಂತು. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಹೊರಬಂತು. ಕಡ್ಡಿಯಿಂದ ಜಾರಿಹೋದ ಕುಣಿಕೆಗಳು ಸಡಿಲವಾಗಿ ಜೋತಾಡುತ್ತಿದ್ದವು. ಕಿಟಕಿಯ ಬೆಳಕಿನಲ್ಲಿ, ಇನ್ನೊಬ್ಬರ ಕೈಯಲ್ಲಿ, ಟೈಪಿಸ್ಟಮ್ಮ ತಮ್ಮ ಕೆಲಸವನ್ನು ಮೊದಲ ಸಲ ನೋಡಿದರು.

"ಆ ಮಕ್ಕಳ ಬೆರಳು ಎಷ್ಟಿರುತ್ತೆ ಗೊತ್ತಾ ನಿಮಗೆ? ಬೆಂಕಿಕಡ್ಡಿಯಷ್ಟು. ಸಡಿಲ ದಾರ ಒಂದು ಸುತ್ತು ಹಾಕ್ಕೊಂಡ್ರೆ ಮುಗೀತು, ರಕ್ತ ಓಡೋದು ನಿಂತುಹೋಗುತ್ತೆ. ನಾನು ಒಂದು ಸಲ ನೋಡಿದೀನಿ. ಇನ್ನೊಂದು ಸಲ ನೋಡಲ್ಲ."

"ಎಷ್ಟು ದಿನದಿಂದ?"

"ಮೊದಲನೇ ವರ್ಷದ್ದೆಲ್ಲ ವಾರ್ಡಿಗೆ ಹೋಗಿವೆ. ಚಿನ್ನದಂಥ ಕೆಲಸ. ಈ ವರ್ಷದ್ದು..." ಆಕೆ ನಿಲ್ಲಿಸಿದರು. ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. "ಒಂದೂ ಇಲ್ಲ."

ಕೆಳಗೆ ಇಸ್ತ್ರಿ ಅಂಗಡಿಯವನು ಯಾರೊಂದಿಗೋ ನಗುತ್ತ ಮಾತಾಡುವುದು ಕೇಳಿಸಿತು. ಟೈಪಿಸ್ಟಮ್ಮ ಎರಡು ಕೈಗಳನ್ನೂ ಮೇಜಿನ ಕೆಳಗೆ ಇಳಿಸಿಕೊಂಡರು. ಅವು ಅಲ್ಲೂ ಸುಮ್ಮನಿರಲಿಲ್ಲ. ಬೀಗ, ಕಪ್ಪು, ಸಾಸರು ಎಲ್ಲ ಒಟ್ಟಿಗೆ ನೆನಪಾದವು. ಅವಮಾನಕ್ಕಿಂತ ಹೆಚ್ಚಾಗಿ ಅವರಿಗೆ ಹೆದರಿಕೆಯಾಯಿತು. ಬುಧವಾರವೂ ಹೋದರೆ ಮಾತೆಂದು ಉಳಿಯುವುದು ತಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರಿಗೆ ಹೇಳುವ ಒಂದು "ಹ್ಞೂಂ" ಮಾತ್ರ.

"ಹೇಳಬಹುದಿತ್ತಲ್ಲ ಸಿಸ್ಟರ್? ಎಲ್ಲರಿಗೂ ಮುಖದ ಮೇಲೆ ಹೊಡೆದ ಹಾಗೆ ಹೇಳ್ತೀರಿ. ನನಗೊಬ್ಬಳಿಗೆ ಯಾಕೆ ಈ ನಾಟಕ? ನಂದೇ ದಾರ ಬಿಚ್ಚಿ ನನಗೇ ಕೊಡೋದು, ಮಕ್ಕಳಿಗೆ ಆಟದ ಸಾಮಾನು ಕೊಟ್ಟು ಕೂರಿಸಿದ ಹಾಗೆ?"

"ಹೇಳಿದ್ರೆ ಬುಧವಾರ ಬರ್ತಿದ್ರಾ ನೀವು?"

ಟೈಪಿಸ್ಟಮ್ಮ ಮಡಿಲಿನ ಸೆರಗನ್ನು ಮಡಿಸತೊಡಗಿದರು.

"ಬರ್ತಿರ್ಲಿಲ್ಲ. ನಿಮ್ಮ ಜಂಬ ನನಗೆ ಗೊತ್ತಿಲ್ವಾ?" ಹೆಡ್‌ನರ್ಸ್ ದನಿ ಎಂದಿನಂತೆ ಗದರಿಕೆಯಲ್ಲೇ ಇತ್ತು. "ಉಳಿದ ಆರೂ ಜನ ಕೂತ ಕೂಡ್ಲೇ ಸೊಸೆ ಪುರಾಣ ತೆಗೀತಾರೆ. ಸೊಸೆ ಹಾಗಂದ್ಳು, ಸೊಸೆ ಹೀಗಂದ್ಳು. ನನಗೂ ಸೊಸೆ ಇಲ್ಲ, ನಿಮಗೂ ಸೊಸೆ ಇಲ್ಲ. ನೀವೂ ಬರದೇ ಹೋದ್ರೆ ನಾನು ಯಾರ ಪಕ್ಕ ಕೂರ್ಲಿ?"

ಹೇಳಿದ ಮೇಲೆ ಆಕೆಗೇ ಮುಜುಗರವಾಯಿತೇನೋ, ಕುಲಾವಿಯನ್ನು ಎತ್ತಿಕೊಂಡು ಮತ್ತೆ ಬಿಚ್ಚತೊಡಗಿದರು. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಉಂಡೆ ಎರಡು ಸುತ್ತಿಗೆ ಒಮ್ಮೆ ಜಾರಿ ನೆಲಕ್ಕುರುಳಿತು. ಆಕೆ ಬಗ್ಗಿ ಎತ್ತಿಕೊಂಡರು. ಮತ್ತೆ ಉರುಳಿತು.

"ಹೀಗೆ ಉಂಡೆ ಸುತ್ತಿದ್ರೆ ದಾರದ ಸುರುಳಿ ಹೋಗಲ್ಲ" ಎಂದರು ಟೈಪಿಸ್ಟಮ್ಮ. ತಪ್ಪು ಕೆಲಸ ನೋಡಿ ಸುಮ್ಮನಿರುವುದು ಅವರಿಗೆ ಹುಟ್ಟಿನಿಂದ ಬಂದಿರಲಿಲ್ಲ. "ಲಡಿ ಮಾಡ್ಬೇಕು. ಲಡಿ ಮಾಡಿ, ತೊಳೆದು, ಕೆಳಗೆ ಭಾರ ಕಟ್ಟಿ ಒಣಗ್ಸಿದ್ರೆ ಹೊಸದರ ಹಾಗಾಗುತ್ತೆ."

"ಗೊತ್ತು ಕಣ್ರೀ. ಲಡಿ ಸುತ್ತೋಕೆ ಎದುರಿಗೆ ಕೈ ಚಾಚಿ ಕೂರೋರು ಒಬ್ಬರು ಬೇಕಲ್ಲ. ಕುರ್ಚಿ ಬೆನ್ನಿಗೆ ಸುತ್ತೋಣ ಅಂದ್ರೆ ಈ ಭುಜ ಕೇಳಲ್ಲ."

ಕುರ್ಚಿಯ ಬೆನ್ನು. ಅಕ್ಕ ಹೋದ ಮೇಲೆ ತಮ್ಮ ಮನೆಯಲ್ಲೂ ಲಡಿಗೆ ಅದೇ ಆಗಿತ್ತು. ಅದಕ್ಕೂ ಮೊದಲು, ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದಲೂ, ಅಕ್ಕನೆದುರು ಕೈ ಚಾಚಿ ಕೂರುವುದು ತಂಗಿಯ ಕೆಲಸವಾಗಿತ್ತು. ಆಟಕ್ಕೆ ಓಡಬೇಕೆಂದು ಚಡಪಡಿಸಿದರೆ "ಅಲುಗಾಡ್ಬೇಡ್ವೇ, ದಾರ ಸಿಕ್ಕಾಗುತ್ತೆ" ಎಂದು ಅಕ್ಕ ಮೊಣಕಾಲಿನಿಂದಲೇ ತಿವಿಯುತ್ತಿದ್ದಳು.

ಟೈಪಿಸ್ಟಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮೇಜಿನ ಕೆಳಗಿನಿಂದ ಕೈಗಳನ್ನು ತೆಗೆದರು. ಎರಡನ್ನೂ ಎದುರಿಗೆ ಚಾಚಿದರು, ಹೆಬ್ಬೆರಳು ಮೇಲೆ ಮಾಡಿ, ನಡುವೆ ಒಂದು ಮೊಳ ಜಾಗ ಬಿಟ್ಟು. ಕೈಗಳು ನಡುಗುತ್ತಿದ್ದವು. ಹೆಡ್‌ನರ್ಸ್ ಒಂದು ಕ್ಷಣ ನೋಡಿ, ನೀಲಿ ದಾರದ ತುದಿಯನ್ನು ಅವರ ಎಡಗೈಗೆ ಸಿಕ್ಕಿಸಿ ಸುತ್ತತೊಡಗಿದರು. ಕೈ ಅಲುಗಾಡುತ್ತಿದೆಯೆಂದು ಆಕೆ ಅನ್ನಲಿಲ್ಲ. ಮೇಜಿನ ಮೇಲಿನ ಕುಲಾವಿ ಸಾಲು ಸಾಲಾಗಿ ಕರಗುತ್ತ ಬಂತು. ಜಾರಿದ ಕುಣಿಕೆಗಳು ಬಂದಾಗ ದಾರ ಚೂರೂ ತಡೆಯದೆ ಬಿಚ್ಚಿಕೊಳ್ಳುತ್ತಿತ್ತು, ಚೆನ್ನಾಗಿದ್ದ ಕಡೆ ಒಂದಿಷ್ಟು ಎಳೆಯಬೇಕಾಗುತ್ತಿತ್ತು. ಕೊನೆಯ ಸಾಲೂ ಹೋದ ಮೇಲೆ ಹೆಡ್‌ನರ್ಸ್ ಲಡಿಯನ್ನು ಕಟ್ಟಿ, ಅವರ ಕೈಯಿಂದ ಮೆಲ್ಲನೆ ಕಳಚಿದರು.

"ಚಹಾ ಮಾಡ್ತೀನಿ" ಎಂದು ಏಳಹೋದರು.

"ತಾಳಿ."

ಟೈಪಿಸ್ಟಮ್ಮ ಹಳದಿ ಕುಲಾವಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡಿದ್ದರು. ಆಮೇಲೆ ಕಡ್ಡಿಯನ್ನು ಹಿಡಿದು, ಹಿಂದೆ ಟೈಪ್‌ರೈಟರಿನಿಂದ ಹಾಳೆ ಎಳೆಯುತ್ತಿದ್ದ ಹಾಗೆ, ಒಂದೇ ಸಲಕ್ಕೆ ಎಳೆದುಬಿಟ್ಟರು. ಕುಣಿಕೆಗಳೆಲ್ಲ ಬಾಯಿ ತೆರೆದು ನಿಂತವು. ಹಸಿರು ದಾರದ ತುದಿಯನ್ನು ಹುಡುಕಿ ಹೆಡ್‌ನರ್ಸ್ ಕೈಗೆ ಕೊಟ್ಟು, ತಮ್ಮ ಎರಡು ಕೈಗಳನ್ನೂ ಮತ್ತೆ ಚಾಚಿದರು.

ಮೊದಲ ಸುತ್ತು ಹಸಿರು.