ಬಾಣಂತಿ ಬಚ್ಚಲಿನ ಪೆಟ್ರೋಲ್ ವಾಸನೆ

ಬೆಳಿಗ್ಗೆ ಏಳೂಕಾಲು. ಬಾಣಂತಿ ರೂಪಶ್ರೀ ಸ್ನಾನವನ್ನು ಅರ್ಧಕ್ಕೇ ಬಿಟ್ಟು ಬಚ್ಚಲಿನ ಬಾಗಿಲು ತೆರೆದಳು. ನೀರು ಪೆಟ್ರೋಲ್ ನಾರುತ್ತಿತ್ತು.

ಹಂಡೆಯಿಂದ ಬಿಸಿನೀರು ತೋಡಿ ಹೊಯ್ಯುತ್ತಿದ್ದ ತಾಯಿ ಚಿಕ್ಕಲಕ್ಷ್ಮಮ್ಮನಿಗೆ ಇದು ಹಿಡಿಸಲಿಲ್ಲ. ಮಗಳು ಕೊಣನೂರಿನಿಂದ ಬಾಣಂತನಕ್ಕೆ ಬಂದು ಹದಿನೆಂಟು ದಿನವಾಗಿತ್ತು. ಅವಳ ಮೈಗೆ ಗಾಳಿ ಸೋಕಬಾರದೆಂದು ಬಚ್ಚಲಿನ ಕಿಟಕಿಗೂ ಗೋಣಿಚೀಲ ಕಟ್ಟಿದ್ದಳು.

"ಬಾಗ್ಲು ಆಕವ್ವ. ಬಾಣಂತಿ ಮೂಗಿಗೆ ಎಲ್ಲಾ ನಾತವೇ. ನಾವು ದಿನಾ ಇದೇ ನೀರು ಕುಡೀತಿಲ್ವಾ?"

"ನೀವು ತಣ್ಣೀರು ಕುಡೀತೀರಿ. ಈ ಆವೀಲಿ ನಿಂತ್ಕೊಂಡು ನೋಡು. ನಂಗೆ ತಲೆ ಸುತ್ತುತೈತೆ."

ದಂಡಿಗನಹಳ್ಳಿ ಹೋಬಳಿಯ ಆ ಊರಿನಲ್ಲಿ ಪೆಟ್ರೋಲ್ ಬಂಕಿಗೂ ಚಿಕ್ಕಲಕ್ಷ್ಮಮ್ಮನ ಬೋರ್‌ವೆಲ್‌ಗೂ ನೂರೇ ಹೆಜ್ಜೆ ದೂರ. ಆದರೂ ಅವಳಿಗೆ ಅನುಮಾನವಿರಲಿಲ್ಲ. ಸ್ತ್ರೀಶಕ್ತಿ ಸಂಘದ ಸ್ವರ್ಣಲತಾ ಎರಡು ತಿಂಗಳ ಹಿಂದೆ ಪಂಚಾಯಿತಿಯ ಕಿಟ್‌ನಲ್ಲಿ ಆ ನೀರು ಪರೀಕ್ಷಿಸಿ, 'ಕುಡಿಯಲು ಯೋಗ್ಯ' ಎಂದು ಬರೆದುಕೊಟ್ಟಿದ್ದಳು. ವಾಸನೆ ಇದ್ದರೆ ಇನ್ನಷ್ಟು ಕುದಿಸಿದರಾಯಿತು ಎಂದುಕೊಂಡು ಚಿಕ್ಕಲಕ್ಷ್ಮಮ್ಮ ಒಲೆಗೆ ಮತ್ತೆರಡು ಸೌದೆ ತುರುಕಿದಳು. ಮುಂದೆ ಮಗುವಿನ ಸ್ನಾನವಾಗಬೇಕಿತ್ತು. ರೂಪಶ್ರೀ ಮಗುವನ್ನು ಕೊಡಲಿಲ್ಲ.

ಮಗಳಿಗೆ ಬುದ್ಧಿ ಹೇಳಿಸೋಣವೆಂದು ಚಿಕ್ಕಲಕ್ಷ್ಮಮ್ಮ ಸ್ವರ್ಣಲತಾಳನ್ನೇ ಕರೆತಂದು, ಆ ಕಾಗದವನ್ನು ಅವಳ ಕೈಗಿಟ್ಟಳು. ಸ್ವರ್ಣಲತಾ ಕಾಗದ ನೋಡಿದಳು. ಬಚ್ಚಲೊಳಗೆ ಒಂದು ನಿಮಿಷ ನಿಂತು ಹೊರಗೆ ಬಂದಳು.

"ಅಕ್ಕ, ನಾನು ಅವತ್ತು ನೋಡಿದ್ದು ಗಡಸು, ಫ್ಲೋರೈಡ್, ನೈಟ್ರೇಟ್, ಇಂಥವು. ಪೆಟ್ರೋಲ್ ಐತಾ ಇಲ್ವಾ ಅಂತ ಈ ಕಿಟ್‌ಗೆ ಗೊತ್ತಾಗಕಿಲ್ಲ."

"ಅಂಗಾರೆ ಯೋಗ್ಯ ಅಂತ ಯಾಕೆ ಬರ್ದೆ?"

"ತಪ್ಪಾಯ್ತು. ನೋಡಿದ್ದಷ್ಟನ್ನೇ ಬರೀಬೇಕಿತ್ತು."

ಚಿಕ್ಕಲಕ್ಷ್ಮಮ್ಮ, ಚೆನ್ನಾಗಿ ಕುದಿಸಿದರೆ ಹೋಗುವುದಿಲ್ಲವೇ ಎಂದು ಕೇಳಿದಳು.

"ಕುದಿಸಿದ್ರೆ ಕ್ರಿಮಿ ಸಾಯ್ತವೆ. ಪೆಟ್ರೋಲ್ ನೀರಿಂದೆದ್ದು ಬಚ್ಚಲ ತುಂಬಾ ನಿಲ್ತದೆ ಕಣಕ್ಕ. ಕೂಸು ಅದನ್ನೇ ಉಸಿರಾಡ್ತದೆ. ಮ್ಯಾಲೆ ಒಲೆ ಬೇರೆ ಉರೀತೈತೆ, ಆವಿ ಹತ್ಕೊಂಡ್ರೆ ಏನ್ ಗತಿ?"

ಚಿಕ್ಕಲಕ್ಷ್ಮಮ್ಮ ಉರಿಯುವ ಸೌದೆಗಳನ್ನು ಒಲೆಯಿಂದ ಎಳೆದು, ಅಂಗಳಕ್ಕೆ ಒಯ್ದು ಮಣ್ಣು ಮುಚ್ಚಿದಳು. ಕಿಟಕಿಯ ಗೋಣಿಚೀಲ ಕಿತ್ತಳು. ಆ ದಿನ ಮಗುವಿನ ಸ್ನಾನಕ್ಕೂ ಮನೆಯವರು ಕುಡಿಯಲಿಕ್ಕೂ ಕೆರೆಯಾಚೆಯ ಬೋರಿನಿಂದ ನೀರು ಬಂತು.

ಚಿಕ್ಕಲಕ್ಷ್ಮಮ್ಮನ ಗಂಡ ತಿಮ್ಮಪ್ಪ ಬೋರಿನ ನೀರನ್ನು ಪ್ರಯೋಗಾಲಯಕ್ಕೆ ಕೊಡಲೆಂದು ಜ್ಯೂಸಿನ ಬಾಟಲಿಗೆ ಅರ್ಧ ಹಿಡಿದು ಹಾಸನದ ಬಸ್ಸಿಗೆ ಹೊರಟಿದ್ದ. ಬಾಟಲಿ ಅರ್ಧ ಖಾಲಿಯಿದ್ದರೆ ಪೆಟ್ರೋಲ್ ಅಂಶ ಗಾಳಿಗೆ ಹಾರಿ, ಕೆಟ್ಟ ನೀರಿಗೂ ಒಳ್ಳೆಯ ರಿಪೋರ್ಟ್ ಬರಬಹುದೆಂದು ಸ್ವರ್ಣಲತಾ ತಡೆದಳು. ಪ್ರಯೋಗಾಲಯದಿಂದಲೇ ಗಾಜಿನ ಬಾಟಲಿ ತರಿಸಿ, ಒಂದು ಗುಳ್ಳೆಯೂ ಉಳಿಯದಂತೆ ಬಾಯಿಮಟ್ಟ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಪೆಟ್ರೋಲಿನ ಅಂಶಗಳನ್ನು ನೋಡಿ ಎಂದು ಅರ್ಜಿಯಲ್ಲಿ ಬರೆದರು.

ಎಂಟನೇ ದಿನ ರಿಪೋರ್ಟ್ ಬಂತು. ನೀರಿನಲ್ಲಿ ಬೆಂಜೀನ್ ಮಿತಿ ಮೀರಿತ್ತು. ಅದು ಪೆಟ್ರೋಲಿನಲ್ಲಿರುವ ವಸ್ತು. ಬಹುಕಾಲ ದೇಹ ಸೇರಿದರೆ ರಕ್ತದ ಕ್ಯಾನ್ಸರ್ ತರಬಲ್ಲದು. ದೂರಿನ ಮೇಲೆ ಅಧಿಕಾರಿಗಳು ಬಂದು ಬಂಕಿನ ನೆಲ ಅಗೆಸಿದರು. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಜಾಯಿಂಟ್ ಸೋರುತ್ತಿತ್ತು. ದಿನಾ ಬೆಳಿಗ್ಗೆ ಟ್ಯಾಂಕಿಗೆ ಅಳತೆ ಕೋಲು ಇಳಿಸಿದಾಗ ಪೆಟ್ರೋಲ್ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತಿತ್ತೆಂದೂ, ಬಿಸಿಲಿಗೆ ಆರುತ್ತದೆ ಎಂದುಕೊಂಡಿದ್ದೆವೆಂದೂ ಮ್ಯಾನೇಜರ್ ಕಾಂತರಾಜು ಒಪ್ಪಿಕೊಂಡ.

ನಿಮ್ಮ ಬಾವಿ, ಬೋರ್‌ವೆಲ್ ಬಂಕಿನ ಹತ್ತಿರವಿದೆಯೇ? ಮುಚ್ಚಿಹೋದ ಹಳೆಯ ಬಂಕಾದರೂ ಸರಿ, ಅದರ ಟ್ಯಾಂಕ್ ನೆಲದಲ್ಲೇ ಉಳಿದಿರಬಹುದು. ನೀರು ತಿಳಿಯಾಗಿದೆ, ವಾಸನೆಯಿಲ್ಲ ಎಂದು ಸುಮ್ಮನಿರಬೇಡಿ. ಪೆಟ್ರೋಲಿನ ಅಂಶಗಳ ಪರೀಕ್ಷೆಯನ್ನೇ ಬರವಣಿಗೆಯಲ್ಲಿ ಕೇಳಿ ಮಾಡಿಸಿ, ಆಗಾಗ ಮತ್ತೆ ಮಾಡಿಸಿ. ವಾಸನೆ ಬಂದರೆ ಆ ನೀರನ್ನು ಕಾಯಿಸಬೇಡಿ, ಬಳಸಬೇಡಿ. ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅಂದೇ ತಿಳಿಸಿ.

ಆ ಊರಿನಲ್ಲಿ ಪೈಪ್ ಬದಲಾಯಿಸಿದ ನಾಲ್ಕು ತಿಂಗಳ ನಂತರ ನೀರನ್ನು ಮತ್ತೆ ಪರೀಕ್ಷಿಸಿದರು. ಮಣ್ಣಿಗಿಳಿದ ಪೆಟ್ರೋಲ್ ಹೋಗಿರಲಿಲ್ಲ, ಬೆಂಜೀನ್ ಇನ್ನೂ ಇತ್ತು. ರಿಪೋರ್ಟ್ ಬಂದಾಗ ಕಡಿದ ಕರೆಂಟನ್ನು ಚಿಕ್ಕಲಕ್ಷ್ಮಮ್ಮನ ಬೋರ್‌ವೆಲ್‌ಗೆ ಇನ್ನೂ ಕೊಟ್ಟಿಲ್ಲ.