ಮಣ್ಣಿಗೆ ಕಿವಿಗೊಟ್ಟು

ಸೋಲ್ಡರಿನ ಹೊಗೆ ಮತ್ತೆ ನೇರ ಕಣ್ಣಿಗೇ ಬಂತು, ಫ್ಯಾನ್ ಹಾಕಿದರೆ ಕಾದ ತುದಿ ಆರುತ್ತದೆ, ಹಾಕದಿದ್ದರೆ ಹೀಗೆ, ಅಳದೆ ಕೂತವನ ಕಣ್ಣಲ್ಲೂ ನೀರು — ಇರಲಿ, ಮೊದಲು ಈ ಐಸಿಯನ್ನು ಕೂರಿಸಬೇಕು, ಜೇಡದ ಹಾಗೆ ಎಂಟು ಕಾಲು, ಕಡಲೆಬೀಜದಷ್ಟು ಗಾತ್ರ, ಲೋಹ ಹುಡುಕುವ ಡಿಟೆಕ್ಟರಿನ ಕ್ಷೀಣ ಸದ್ದನ್ನು ಎತ್ತಿ ಹೆಡ್‌ಫೋನಿಗೆ ದಾಟಿಸಬೇಕಾದದ್ದು ಇದೇ, ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಬೆಳಿಗ್ಗೆಯಿಂದ ಕೂತಿದ್ದಾರೆ, ಆಯ್ತೇನಪ್ಪಾ ಎಂದು ಒಂದು ಸಲವೂ ಕೇಳಿಲ್ಲ, ಕೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಂಗಡಿಯ ಬೋರ್ಡಿನಲ್ಲಿ ಇನ್ನೂ ರೇಡಿಯೊ ರಿಪೇರಿ ಎಂದೇ ಇದೆ, ರೇಡಿಯೊ ತರುವವರು ಎಲ್ಲಿದ್ದಾರೆ, ಮಿಕ್ಸಿ ತರುತ್ತಾರೆ, ಸುಟ್ಟ ಚಾರ್ಜರ್ ತರುತ್ತಾರೆ, ಇವತ್ತು ಯಾರು ಬಂದರೂ ಆಗಲ್ಲ ಅಂದುಬಿಡುವುದು. ಅತ್ತಿಗೆಯ ಮಡಿಲಲ್ಲಿ ಊಟದ ಡಬ್ಬಿ, ನಿನಗೂ ತಂದಿದೀನಿ, ಖಾರ ಹಾಕಿಲ್ಲ, ನಿಮ್ಮಣ್ಣನಿಗೆ ಖಾರ ಆಗಲ್ಲವಲ್ಲ, ಅದೇ ಅಭ್ಯಾಸ ಆಗ್ಬಿಟ್ಟಿದೆ — ಆಗಲ್ಲ ಅಂದರು, ಆಗುತ್ತಿರಲಿಲ್ಲ ಅನ್ನಲಿಲ್ಲ, ಅವನು ತಂತಿಯ ಸಿಪ್ಪೆ ಸುಲಿದ, ಕೆಂಪು ಬ್ಯಾಟರಿಗೆ, ಕಪ್ಪು ಗ್ರೌಂಡಿಗೆ, ಅಂದರೆ ನೆಲಕ್ಕೆ, ನೆಲಕ್ಕೆ ಎಂದ ಕೂಡಲೇ ಮನಸ್ಸು ಅಲ್ಲಿಗೇ ಓಡುತ್ತದೆ, ಎಷ್ಟು ಹಿಡಿದರೂ ಅಲ್ಲಿಗೇ.

ಕಲ್ಲುಕ್ವಾರಿಯ ಪಕ್ಕ ವರ್ಷಗಟ್ಟಲೆ ಸುರಿದ ಮಣ್ಣಿನ ಗುಡ್ಡ, ಮಳೆಗೆ ನೆನೆದು ನೆನೆದು ಒಂದು ಮಧ್ಯಾಹ್ನ ಜಾರಿ ಕೆಲಸದವರ ಶೆಡ್ಡುಗಳ ಮೇಲೆ ಕೂತಿತು, ಟಿಪ್ಪರ್ ಓಡಿಸುತ್ತಿದ್ದ ಅಣ್ಣ ಊಟ ಮುಗಿಸಿ ಶೆಡ್ಡಿನಲ್ಲಿ ಅಡ್ಡಾಗಿದ್ದನಂತೆ, ಉಳಿದವರೆಲ್ಲ ಸಿಕ್ಕಿದರು, ಅಣ್ಣ ಸಿಗಲಿಲ್ಲ, ಹುಡುಕುವ ತಂಡದ ದೊಡ್ಡವರು ಹೆಲ್ಮೆಟ್ ಕಳಚಿ ಇನ್ನೇನೂ ಮಾಡೋಕಾಗಲ್ಲಮ್ಮ ಅಂದರು, ಅತ್ತಿಗೆ ಹಾಗಾದರೆ ಅವರು ಅಲ್ಲಿ ಇರಲೇ ಇಲ್ಲವೇನೋ ಅಂದರು, ಎಷ್ಟು ಮೆಲ್ಲಗೆ ಅಂದರೆ ಅವನೊಬ್ಬನಿಗೇ ಕೇಳಿಸಿತು. ಈಗ, ಎರಡು ಮಳೆಗಾಲ ಕಳೆದ ಮೇಲೆ, ಆ ಮಣ್ಣನ್ನು ಲೋಡರ್ ಕೆರೆದು ಲಾರಿಗೆ ತುಂಬುತ್ತಿದೆ, ಎಲ್ಲಿಯದೋ ರಸ್ತೆಯ ತಗ್ಗು ತುಂಬಲು, ಪದರ ಪದರವಾಗಿ ಗುಡ್ಡ ಇಳಿಯುತ್ತಿದೆ, ಲೋಡರಿನವನು ಊಟಕ್ಕೆ ಹೋದ ಹೊತ್ತಿನಲ್ಲಿ ಹುಡುಕಿಕೊಳ್ಳಿ ಎಂದು ಸೂಪರ್‌ವೈಸರ್ ಕನಿಕರಪಟ್ಟಿದ್ದಾನೆ, ಆದರೆ ಜಲ್ಲಿ ಮಿಷನ್ ಮಾತ್ರ ಊಟಕ್ಕೂ ನಿಲ್ಲುವುದಿಲ್ಲ, ಅದರ ಗಡಗಡದಲ್ಲಿ ಡಿಟೆಕ್ಟರಿನ ಪುಟ್ಟ ಸ್ಪೀಕರು ಬಾಯಿ ಬಿಟ್ಟರೂ ಕೇಳದು, ಅದಕ್ಕೇ ಈ ಆಂಪ್ಲಿಫೈಯರು, ಈ ದಪ್ಪ ಹೆಡ್‌ಫೋನು.

ಡಿಟೆಕ್ಟರು ಇದಕ್ಕಾಗಿ ಹುಟ್ಟಿದ್ದಲ್ಲ. ಸಾಮಿಲ್ಲಿನವನು ಹಳೇ ತೊಲೆಗಳಲ್ಲಿ ಮೊಳೆ ಸಿಕ್ಕಿ ಗರಗಸದ ಹಲ್ಲು ಹೋಗ್ತಿದೆ ಮಾರಾಯ ಎಂದು ಗೋಳಾಡಿದ್ದಕ್ಕೆ ಬಕೆಟ್ಟಿನ ಮುಚ್ಚಳಕ್ಕೆ ತಾಮ್ರದ ತಂತಿ ಸುತ್ತಿ, ನೀರಿನ ಪೈಪಿನ ಹಿಡಿ ಹಾಕಿ ಮಾಡಿದ್ದು, ಮೊಳೆ ಬಂದರೆ ಗುಂಯ್ ಎನ್ನುವ ಸದ್ದಿನ ಶ್ರುತಿ ಇಳಿಯುತ್ತದೆ, ಅವತ್ತು ಅಣ್ಣ ಬಂದವನೇ ಚಪ್ಪಲಿ ಸಮೇತ ಕಾಲನ್ನು ಮೇಜಿನ ಮೇಲಿಟ್ಟ, ಲಾರಿ ಮಗುಚಿ ಮುರಿದ ಕಾಲು, ಒಳಗೆ ಆಸ್ಪತ್ರೆಯವರು ಹಾಕಿದ ಸ್ಟೀಲ್ ಪಟ್ಟಿ, ಸಾಲಾಗಿ ಸ್ಕ್ರೂ, ನೋಡೋ, ನನ್ನ ಬೆಲೆ ಎಷ್ಟು ಅಂತ ಹೇಳುತ್ತೇನೋ ನಿನ್ನ ಮಿಷನ್ನು — ಸದ್ದು ಇಳಿಯಲಿಲ್ಲ, ಏರಿತು, ಸಿಳ್ಳೆಯ ಹಾಗೆ, ತುಕ್ಕು ಹಿಡಿಯದ ಲೋಹಕ್ಕೆ ಹಾಗೆಯೇ, ಅಣ್ಣ ಹೊಟ್ಟೆ ಹಿಡಿದು ನಕ್ಕ, ನಿನ್ನ ಮೊಳೆಗಳೆಲ್ಲ ಪಾತಾಳಕ್ಕೆ, ನಾನೊಬ್ಬ ಮೇಲಕ್ಕೆ. ಇದನ್ನು ಅತ್ತಿಗೆಗೆ ಹೇಳಿಲ್ಲ, ಹೇಗೆ ಹೇಳುವುದು, ಹುಡುಕುತ್ತಿರುವುದು ಗಂಡನನ್ನಲ್ಲ, ಅವನ ಕಾಲಿನ ಪಟ್ಟಿಯನ್ನು ಎಂದು ಯಾವ ಬಾಯಲ್ಲಿ. ಇನ್ನೊಂದನ್ನೂ ಹೇಳಿಲ್ಲ. ಸದ್ದು ಜೋರಾದರೆ ಆಳದ್ದೂ ಸಿಗುತ್ತೆ ಅಲ್ವೇನಪ್ಪಾ ಎಂದಿದ್ದರು, ಹೂಂ ಅಂದಿದ್ದ, ಸುಳ್ಳು, ಆಂಪ್ಲಿಫೈಯರು ಕಿವಿಗೆ ಬಲ ಕೊಡುತ್ತದೆ, ಮಣ್ಣನ್ನು ತೆಳುವಾಗಿಸುವುದಿಲ್ಲ, ಗೇಣು ಎರಡು ಗೇಣಿನ ಕೆಳಗೆ ಈ ತಂತಿಯ ಸುರುಳಿ ಕುರುಡೇ, ಎಷ್ಟು ಜೋರು ಮಾಡಿದರೂ ಕುರುಡೇ. ವಾಲ್ಯೂಮ್ ತಿರುಗಿಸಿದ, ಕರಕರ, ಆಮೇಲೆ ಗುಂಯ್, ಸ್ವಚ್ಛ, ಕಿವಿಯ ಒಳಗೇ ಕೂತು ಹಾಡಿದ ಹಾಗೆ — ಬನ್ನಿ ಅತ್ತಿಗೆ, ಆಯಿತು.

ಹಸಿ ಮಣ್ಣು ಚಪ್ಪಲಿ ಹಿಡಿದು ಬಿಡುತ್ತಿಲ್ಲ, ಜಲ್ಲಿಯ ಧೂಳು ಹಲ್ಲಿಗೆ, ಲೋಡರ್ ಬಾಯಿ ನೆಲಕ್ಕೂರಿ ನಿಂತಿದೆ, ಕೊಡು, ನಾನು ಹಾಕ್ಕೋತೀನಿ ಎಂದು ಅತ್ತಿಗೆ ಹೆಡ್‌ಫೋನ್ ಕಿತ್ತುಕೊಂಡರು, ಪೈಪಿನ ಹಿಡಿಯೂ ಅವರ ಕೈಗೇ ಹೋಯಿತು, ಅವನ ಪಾಲಿಗೆ ಗುದ್ದಲಿ. ಸದ್ದು ಈಗ ಅವರದ್ದು, ಅವನಿಗೆ ಬರೀ ಅವರ ಮುಖ, ಹುಬ್ಬು ಗಂಟಿಕ್ಕಿದರೆ ಅಗೆಯುವುದು, ಒಂದು ಚಿಲಕ ಸಿಕ್ಕಿತು, ಒಂದು ಕತ್ತಿ, ಯಾರದೋ ಬಾಗಿಲಿನ ತಿರುಗಣೆ, ಪ್ರತಿಯೊಂದನ್ನೂ ಅತ್ತಿಗೆ ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಡುತ್ತಾರೆ, ಯಾರಾದರೂ ಕೇಳಿಕೊಂಡು ಬರುತ್ತಾರೆ ಎಂಬಂತೆ. ಮೂಲೆಯ ಇಳಿಜಾರಿನಲ್ಲಿ ನಿಂತರು. ಮುಚ್ಚಳವನ್ನು ಹಿಂದಕ್ಕೆಳೆದರು, ಮತ್ತೆ ತಂದರು. ಹೆಡ್‌ಫೋನಿನ ಒಂದು ಬಟ್ಟಲನ್ನು ಕಿವಿಯಿಂದ ಎತ್ತಿದರು, ಇದು ಬೇರೆ ಥರ ಇದೆ ಕಣಪ್ಪಾ. ಬೇರೆ ಅಂದರೆ? ಮಿಕ್ಕಿದ್ದೆಲ್ಲ ಇಳೀತಿತ್ತು, ಇದು ಮೇಲಕ್ಕೆ ಹೋಗ್ತಿದೆ. ಸರಿಯಾಗಿ ಕೇಳಿ ಅತ್ತಿಗೆ. ಕೇಳ್ತಾನೇ ಇದೀನಿ, ಮೇಲಕ್ಕೇ, ಎಂದು ಬಟ್ಟಲನ್ನು ಮತ್ತೆ ಕಿವಿಗೆ ಒತ್ತಿಕೊಂಡರು. ಅಲ್ಯುಮಿನಿಯಂ ತಟ್ಟೆ ಇರಬಹುದು, ತಟ್ಟೆಗೂ ಏರುತ್ತದೆ, ತಟ್ಟೆಯಾಗಿರಲಿ, ಲೋಟವಾಗಿರಲಿ, ಇಷ್ಟು ದಿನ ಸಿಗಲಿ ಸಿಗಲಿ ಎಂದವನು ಈಗ ಸಿಗದಿರಲಿ ಎನ್ನುತ್ತಾ ಗುದ್ದಲಿ ಬಿಟ್ಟು ಕೈಯಲ್ಲೇ ಕೆದಕಿದ, ಮಣ್ಣು ತಣ್ಣಗೆ ಜಾರಿತು, ಖಾಕಿ ಬಟ್ಟೆಯ ಅಂಚು, ಬಟ್ಟೆಯನ್ನು ಪೂರ್ತಿ ಸರಿಸುವುದು ಬೇಡ, ಬೆರಳು ಹೋದಷ್ಟು ಸಾಕು, ಬೆರಳಿಗೆ ಸಿಕ್ಕಿದ್ದು ನುಣುಪು, ಒರೆಸಿದರೆ ಬೆಳ್ಳಗೆ, ತುಕ್ಕಿನ ಒಂದು ಚುಕ್ಕೆಯೂ ಇಲ್ಲದ ಪಟ್ಟಿ, ಸಾಲಾಗಿ ಸ್ಕ್ರೂ. ಸಿಕ್ಕಿದ ಅತ್ತಿಗೆ, ಅಣ್ಣ ಸಿಕ್ಕಿದ — ಅವರಿಗೆ ಕೇಳಿಸಲಿಲ್ಲ, ಕಿವಿಯ ಮೇಲೆ ಹೆಡ್‌ಫೋನು, ಆದರೆ ಕಂಡಿತು, ಕಂಡದ್ದು ಅವರ ಮುಖದಲ್ಲಿ ಅವನಿಗೂ ಕಂಡಿತು. ಲೋಡರಿನವನು ಬಾಯಿ ಒರೆಸಿಕೊಳ್ಳುತ್ತಾ ಬಂದ, ಅವನನ್ನು ಕೈ ಎತ್ತಿ ತಡೆದ, ನಿಲ್ಲಪ್ಪಾ, ಸ್ವಲ್ಪ ನಿಲ್ಲು, ನಿಮ್ಮ ಸೂಪರ್‌ವೈಸರನ್ನು ಕರಿ. ಆಮೇಲೆ ಅತ್ತಿಗೆಯ ಹತ್ತಿರ ಹೋಗಿ ಮೆಲ್ಲಗೆ ಒಂದು ಕಿವಿಯ ಬಟ್ಟಲನ್ನು ಸರಿಸಲು ನೋಡಿದ, ಸಾಕು ಅತ್ತಿಗೆ, ಕೊಡಿ, ಆಫ್ ಮಾಡೋಣ. ಅವರು ತಲೆಯಾಡಿಸಿದರು. ಇರು, ಇನ್ನೊಂಚೂರು ಕೇಳ್ತೀನಿ. ಕಣ್ಣು ಮುಚ್ಚಿದ್ದಾರೆ, ಕೈಬಿಟ್ಟ ಮುಚ್ಚಳ ಪಟ್ಟಿಯ ಮೇಲೇ ಒರಗಿದೆ, ಹೊರಗೆ ಜಲ್ಲಿಯ ಗಡಗಡ, ಒಳಗೆ ಆ ಸಿಳ್ಳೆ, ಅವನಿಗೆ ಕೇಳದ್ದು, ಬ್ಯಾಟರಿ ಎಷ್ಟು ಹೊತ್ತು, ಯಾರಿಗೆ ಹೇಳಿ ಕಳಿಸಬೇಕು, ಏನು ಹೊದಿಸಬೇಕು — ಏನೂ ಹೊಳೆಯುತ್ತಿಲ್ಲ, ಬರೀ ಅತ್ತಿಗೆಯ ಆ ಎರಡು ಕೈ, ಮಣ್ಣು ಮೆತ್ತಿದ ಎರಡು ಕೈ, ಕಿವಿಗೆ ಒತ್ತಿ ಹಿಡಿದದ್ದು, ಎರಡು ಕೈ.